ಜಿರಾ ಕೆಲಸ ಹಂಚುತ್ತದೆ, ಆದರೆ ನ್ಯಾಯವಾಗಿ ಹಂಚುತ್ತದೆಯೇ?

ಅಟ್ಲಾಸಿಯನ್ ಕಂಪನಿಯ ಜಿರಾ 2002ರಲ್ಲಿ ಬಂದದ್ದು ತಂತ್ರಾಂಶದ ದೋಷಗಳ ಲೆಕ್ಕ ಇಡಲು. ಈಗ ಎಷ್ಟೋ ಕಚೇರಿಗಳಲ್ಲಿ ಯಾರ ಪಾಲಿಗೆ ಯಾವ ಕೆಲಸ ಎಂಬುದು ಅದರಲ್ಲೇ ತೀರ್ಮಾನವಾಗುತ್ತದೆ. ಟಿಕೆಟ್‌ನ, ಅಂದರೆ ಒಂದೊಂದು ಕೆಲಸದ ನಮೂದಿನ, ‘ಅಸೈನೀ’ (ಕೆಲಸ ವಹಿಸಿಕೊಂಡವರು) ಜಾಗದಲ್ಲಿ ಬೀಳುವ ಹೆಸರು ಒಬ್ಬರ ಸಂಜೆಯನ್ನು ಕಸಿಯಬಹುದು, ಇನ್ನೊಬ್ಬರ ಬಡ್ತಿಗೆ ದಾರಿಯಾಗಬಹುದು. ಹಾಗಾಗಿ ಟಿಕೆಟ್‌ಗಳನ್ನು ತೋರಿಸುವ ಬೋರ್ಡಿನ ಅಂದ, ವೇಗ ಎಲ್ಲ ಇಲ್ಲಿ ಬದಿಗಿರಲಿ. ಸರಿಯಾಗಿ ನಡೆದುಕೊಳ್ಳಬೇಕೆಂಬ ಮ್ಯಾನೇಜರ್‌ಗೆ ಈ ಉಪಕರಣ ಎಷ್ಟು ಆಸರೆ ಎಂಬುದಷ್ಟೇ ಪ್ರಶ್ನೆ.

ಒಂದು ಟಿಕೆಟ್‌ಗೆ ಒಬ್ಬರೇ ಅಸೈನೀ ಎಂಬ ನಿಯಮ ಒಳ್ಳೆಯದು. ಕೆಲಸ ಹಂಚುವ ಇನ್ನೊಂದು ಉಪಕರಣ ಟ್ರೆಲ್ಲೊದಲ್ಲಿ ಒಂದು ಕಾರ್ಡಿಗೆ ಹಲವರನ್ನು ಸೇರಿಸಬಹುದು. ಅಲ್ಲಿ ಕೆಲಸ ನಿಂತಾಗ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ಆದರೆ ಜಿರಾದ ನಿಯಮಕ್ಕೂ ಬೆಲೆಯಿದೆ: ಇಬ್ಬರು ದುಡಿದರೂ ಹೆಸರು ಒಬ್ಬರದೇ, ನೆರವಾದವರು ಕಾಣಿಸುವುದೇ ಇಲ್ಲ. ಅವರ ಪಾಲನ್ನು ಸಬ್‌ಟಾಸ್ಕ್ (ಟಿಕೆಟ್‌ನ ಕೆಳಗಿನ ಉಪಕೆಲಸ) ಮಾಡಿ ಅವರ ಹೆಸರಿಗೇ ಹಾಕಿ. ಪಾಲು ಬೇರ್ಪಡಿಸಲಾಗದಿದ್ದರೆ ಹಲವರ ಹೆಸರು ಹಿಡಿಸುವ ಕಸ್ಟಮ್ ಫೀಲ್ಡ್ ಒಂದನ್ನು ಸೇರಿಸಿ ‘ಜೊತೆಗಾರರು’ ಎಂದು ಕರೆಯಿರಿ.

ನಿಜವಾದ ತೊಡಕು ಇರುವುದು ಆಟೊಮೇಷನ್‌ನಲ್ಲಿ. ಟಿಕೆಟ್ ಹುಟ್ಟಿದ ಕೂಡಲೇ ಯಾರಿಗೆ ಹೋಗಬೇಕೆಂದು ಒಂದು ರೂಲ್ ಬರೆಯಬಹುದು. ರೌಂಡ್ ರಾಬಿನ್ ಆರಿಸಿದರೆ ಸರದಿಯ ಪ್ರಕಾರ, ಬ್ಯಾಲೆನ್ಸ್ಡ್ ವರ್ಕ್‌ಲೋಡ್ ಆರಿಸಿದರೆ ಸದ್ಯ ಕಡಿಮೆ ಟಿಕೆಟ್ ಇರುವವರಿಗೆ ಕೆಲಸ ಹೋಗುತ್ತದೆ. ಎರಡನೆಯದು ಹೆಸರಿಗೆ ತಕ್ಕಂತೆ ಸಮತೋಲನದ್ದು ಅನ್ನಿಸುತ್ತದೆ, ಆದರೆ ಅದು ಎಣಿಸುವುದು ಟಿಕೆಟ್‌ಗಳ ಸಂಖ್ಯೆಯನ್ನು, ಭಾರವನ್ನಲ್ಲ. ಎರಡು ವಾರ ಹಿಡಿಯುವ ಟಿಕೆಟ್ ಒಂದು, ಅರ್ಧ ಗಂಟೆಯದೂ ಒಂದು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಚುರುಕಾಗಿ ಮುಗಿಸುವವರ ಪಟ್ಟಿ ಬೇಗ ಖಾಲಿಯಾಗುವುದರಿಂದ ಹೊಸದೆಲ್ಲ ಅವರಿಗೇ ಬಂದು ಬೀಳುತ್ತದೆ. ಮುಗಿದ ಟಿಕೆಟ್ ಮುಚ್ಚದೆ ಇಟ್ಟುಕೊಂಡವರು ಆರಾಮಾಗಿರುತ್ತಾರೆ. ಕೆಲವೇ ತಿಂಗಳಲ್ಲಿ ತಂಡದ ಅತ್ಯಂತ ನಂಬಿಕಸ್ಥರು ಬಳಲುತ್ತಾರೆ, ಮ್ಯಾನೇಜರ್ ಮಾತ್ರ ‘ಸಿಸ್ಟಮ್ ಹಂಚಿದ್ದು, ನಾನಲ್ಲ’ ಎನ್ನುತ್ತಾರೆ. ಈ ಮಾತನ್ನು ಒಪ್ಪಲಾಗದು. ರೂಲ್ ಬರೆದವರು, ಬರೆಸಿದವರು ಹಂಚಿಕೆಗೆ ಹೊಣೆ.

ಸಣ್ಣಪುಟ್ಟ, ಹೆಚ್ಚುಕಡಿಮೆ ಒಂದೇ ಅಳತೆಯ ದೂರುಗಳಿಗೆ ರೌಂಡ್ ರಾಬಿನ್ ಇಡಿ. ಸರದಿಯ ಪಟ್ಟಿಗೆ ಯಾರು ರಜೆಯಲ್ಲಿದ್ದಾರೆ ಎಂಬುದು ಗೊತ್ತಿರುವುದಿಲ್ಲ. ರಜೆ ಶುರುವಾಗುವ ಮೊದಲೇ ಹೆಸರು ತೆಗೆಯದಿದ್ದರೆ ಮರಳಿ ಬಂದ ದಿನವೇ ರಾಶಿ ಕಾದಿರುತ್ತದೆ. ಒಂದು ದಿನಕ್ಕಿಂತ ದೊಡ್ಡ ಕೆಲಸವನ್ನು ರೂಲ್‌ಗೆ ಒಪ್ಪಿಸಲೇಬೇಡಿ, ವಾರದ ಸಭೆಯಲ್ಲಿ ಮಾತಾಡಿ ಹಂಚಿ.

ಹಂಚಿಕೆಯ ಅನ್ಯಾಯ ಹೆಚ್ಚಾಗಿ ಅಡಗಿರುವುದು ಕೆಲಸದ ಪ್ರಮಾಣದಲ್ಲಲ್ಲ, ಬಗೆಯಲ್ಲಿ. ಸಭೆಯ ಟಿಪ್ಪಣಿ, ದಾಖಲೆ ತಿದ್ದುವುದು, ಹೊಸಬರಿಗೆ ದಾರಿ ತೋರಿಸುವುದು, ಹಳೆಯ ಕೋಡ್‌ನ ರಿಪೇರಿ: ಬೇಕೇ ಬೇಕಾದ ಕೆಲಸಗಳು, ಬಡ್ತಿಯ ಹೊತ್ತಿಗೆ ಯಾರೂ ನೆನೆಯದವು. ಇವು ಬಹುಪಾಲು ‘ಆಗಲ್ಲ’ ಎನ್ನದವರಿಗೆ, ಹಲವು ಕಡೆ ಹೆಂಗಸರಿಗೆ, ಹೊಸಬರಿಗೆ ಹೋಗುತ್ತವೆ. ಇದನ್ನು ಹಿಡಿಯಲು ಜಿರಾದಲ್ಲಿ ಒಳ್ಳೆಯ ದಾರಿಯಿದೆ, ಬಳಸುವವರು ಕಡಿಮೆ. ಪ್ರತಿ ಟಿಕೆಟ್‌ಗೂ ‘ಬೆಳವಣಿಗೆ’ ಅಥವಾ ‘ನಿರ್ವಹಣೆ’ ಎಂಬ ಲೇಬಲ್ ಹಾಕಿ. ಕಳೆದ 90 ದಿನಗಳಲ್ಲಿ ಮುಗಿದವನ್ನು ಒಂದು ಫಿಲ್ಟರ್ (ಮತ್ತೆ ಬಳಸಬಹುದಾದ ಹುಡುಕಾಟ) ಆಗಿ ಉಳಿಸಿ. ಡ್ಯಾಶ್‌ಬೋರ್ಡ್‌ಗೆ ‘ಟೂ ಡೈಮೆನ್ಷನಲ್ ಫಿಲ್ಟರ್ ಸ್ಟ್ಯಾಟಿಸ್ಟಿಕ್ಸ್’ ಗ್ಯಾಜೆಟ್ ಸೇರಿಸಿ, ಒಂದು ಬದಿಗೆ ಅಸೈನೀ, ಇನ್ನೊಂದಕ್ಕೆ ಲೇಬಲ್ ಕೊಡಿ. ಯಾರ ಸಾಲಿನಲ್ಲಿ ಬರೀ ನಿರ್ವಹಣೆಯೇ ತುಂಬಿದೆ ಎಂಬುದು ಎದುರಿಗೇ ಬರುತ್ತದೆ. ಲೇಬಲ್ ಹಾಕುವ ಕೆಲಸ ಮ್ಯಾನೇಜರ್ ಒಬ್ಬರದೇ ಆಗಬಾರದು. ತಮಗೆ ಇಷ್ಟವಾದವರ ಕೆಲಸವೆಲ್ಲ ಅವರಿಗೆ ‘ಬೆಳವಣಿಗೆ’ಯಾಗಿಯೇ ಕಾಣುತ್ತದೆ.

ಗ್ಯಾಜೆಟ್ ತೋರಿಸದ ಒಂದು ಅನ್ಯಾಯವೂ ಇದೆ. ‘ಅವಳಿಗೆ ಚಿಕ್ಕ ಮಗುವಿದೆ, ಈ ದೊಡ್ಡ ಪ್ರಾಜೆಕ್ಟ್ ಬೇಡ’ ಎಂದು ಕೇಳದೆಯೇ ನಿರ್ಧರಿಸುವುದು. ಕಾಳಜಿಯಿಂದ ಮಾಡಿದರೂ ಅವಕಾಶ ಕೈತಪ್ಪಿದ್ದು ಅವರಿಗೇ. ಕೇಳಿ, ಬೇಡ ಎಂದರೆ ಬಿಡಿ.

ಕಾಂಪೊನೆಂಟ್ ಲೀಡ್‌ಗೆ, ಅಂದರೆ ಪ್ರಾಜೆಕ್ಟಿನ ಒಂದು ಭಾಗದ ಹೊಣೆ ಹೊತ್ತವರಿಗೆ, ತಾನಾಗಿ ಟಿಕೆಟ್ ಹೋಗುವ ಸೌಲಭ್ಯ ಅನುಕೂಲದ್ದೇ, ಆದರೆ ತಲೆನೋವಿನ ಭಾಗ ವರ್ಷಗಟ್ಟಲೆ ಒಬ್ಬರ ಕೊರಳಿಗೇ ಬೀಳುತ್ತದೆ. ಆರು ತಿಂಗಳಿಗೊಮ್ಮೆ ಲೀಡ್ ಬದಲಿಸಿ. ಕೆಲಸ ಎಷ್ಟು ದೊಡ್ಡದೆಂದು ಅಂಕಿಯಲ್ಲಿ ಹೇಳುವ ಸ್ಟೋರಿ ಪಾಯಿಂಟ್‌ಗಳನ್ನು ವ್ಯಕ್ತಿಗಳ ಹೋಲಿಕೆಗೆ ಬಳಸುವುದಂತೂ ಬೇಡವೇ ಬೇಡ. ಅದು ತಂಡದ ಅಂದಾಜು. ವ್ಯಕ್ತಿಗೆ ಅಂಟಿಸಿದ ದಿನದಿಂದ 3 ಇದ್ದದ್ದು 5 ಆಗುತ್ತದೆ, ಪಕ್ಕದವರಿಗೆ ನೆರವಾಗುವುದೂ ನಿಲ್ಲುತ್ತದೆ.

ಕೆಲಸ ಬದಲಿಸುವಾಗ ಕಾಯಿಲೆ, ಬಸಿರು, ಮನೆಯ ಕಷ್ಟವನ್ನು ಟಿಕೆಟ್‌ನಲ್ಲಿ ಬರೆಯಬೇಡಿ. ವಿವರಣೆಯಿಂದ ಅಳಿಸಿದರೂ ಹಳೆಯ ಪಠ್ಯ ಹಿಸ್ಟರಿಯಲ್ಲಿ (ಟಿಕೆಟ್‌ನ ಬದಲಾವಣೆಗಳ ದಾಖಲೆಯಲ್ಲಿ) ಉಳಿದಿರುತ್ತದೆ, ಟಿಕೆಟ್ ನೋಡಬಲ್ಲವರೆಲ್ಲ ಓದಬಹುದು.

ಅಸೈನ್ ಮಾಡುವ ಅನುಮತಿ ಯಾರಿಗೆ? ಮ್ಯಾನೇಜರ್‌ಗೆ ಮಾತ್ರ ಕೊಟ್ಟರೆ ಸಿಬ್ಬಂದಿಗೆ ತಮ್ಮತಮ್ಮಲ್ಲಿ ಕೆಲಸ ಬದಲಾಯಿಸಿಕೊಳ್ಳುವ ದಾರಿಯಿಲ್ಲ. ಎಲ್ಲರಿಗೂ ಕೊಟ್ಟರೆ ಹಿರಿಯರು ಬೇಡದ್ದನ್ನು ಕಿರಿಯರಿಗೆ ತಳ್ಳುವುದುಂಟು. ಎಲ್ಲರಿಗೂ ಕೊಟ್ಟು, ಅಸೈನೀ ಬದಲಾದಾಗ ಮ್ಯಾನೇಜರ್‌ಗೆ ಇಮೇಲ್ ಹೋಗುವ ರೂಲ್ ಇಡುವುದು ನಮ್ಮ ಆಯ್ಕೆ. ಯಾರಿಂದ ಯಾರಿಗೆ, ಯಾವಾಗ ಹೋಯಿತು ಎಂಬುದನ್ನು ಹಿಸ್ಟರಿ ಇಟ್ಟುಕೊಂಡಿರುತ್ತದೆ. ಒಂದೇ ಟಿಕೆಟ್ ಮೂರು ಕೈ ದಾಟಿದ್ದರೆ ಕೊನೆಯವರನ್ನು ಗದರುವ ಮೊದಲು ಅದನ್ನು ತೆರೆದು ನೋಡಿ.