ಐ5 ಮಿನಿ ಸಿಪಿಯು ತಗೊಳ್ಳೋರೇ, ಬಿಲ್‌ನಲ್ಲಿ ಪ್ರೊಸೆಸರ್ ನಂಬರ್ ಬರೆಸದೆ ದುಡ್ಡು ಕೊಡಬೇಡಿ

ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್‌ಪಿ ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ಮಿನಿ ಸಿಪಿಯು ತರಬೇಕು ಅಂತಿರೋರು ಇದನ್ನ ಪೂರ್ತಿ ಓದಿ, ಆಮೇಲೆ ಹೋಗಿ. ನನಗೆ 15,930 ರೂಪಾಯಿಗೆ ಪಂಗನಾಮ ಹಾಕಿದ್ದಾರೆ. ಅದೂ ಕೂರಿಸಿ, ನೀರು ಕೊಟ್ಟು, ಜಿಎಸ್‌ಟಿ ಸೇರಿಸಿ ಬಿಲ್ ಮಾಡಿ, ನಗುನಗುತ್ತಾ ಹಾಕಿದ್ದಾರೆ. ಬರೀತಾ ಇದ್ರೆ ಈಗಲೂ ಕೈ ನಡುಗುತ್ತೆ.

ನಾನು ತುಮಕೂರಲ್ಲಿ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡ್ತೀನಿ. ಸಣ್ಣಪುಟ್ಟ ಅಂಗಡಿಯವರ ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್. ಜೊತೆಗೆ ಒಬ್ಬ ಹುಡುಗಿ ಕೆಲಸಕ್ಕೆ ಬರ್ತಾಳೆ, ಅವಳಿಗೆ ಅಂತ ಇನ್ನೊಂದು ಸಿಸ್ಟಮ್ ಬೇಕಿತ್ತು. ಟ್ಯಾಲಿ, ಎಕ್ಸೆಲ್, ಬ್ರೌಸರ್, ಇಷ್ಟಕ್ಕೆ ಹೊಸದು ತಗೊಳ್ಳೋ ಅಗತ್ಯ ಇಲ್ಲ. ಮಾನಿಟರ್ ಹಿಂದೆ ಸಿಕ್ಕಿಸಬಹುದಾದ ಸಣ್ಣ ಡಬ್ಬಗಳು ಬರ್ತವಲ್ಲ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಮಿನಿ, ಅವು ಸಾಕು. ಪ್ರೊಸೆಸರ್ 35 ವ್ಯಾಟ್‌ನದು, ಸದ್ದಿಲ್ಲ, ಜಾಗ ಬೇಡ, ಕರೆಂಟ್ ಹೋದ್ರೆ ಚಿಕ್ಕ ಯುಪಿಎಸ್‌ನಲ್ಲೇ ಎಂಟ್ರಿ ಮುಗಿಸಿ ಸೇವ್ ಮಾಡ್ಕೋಬಹುದು. ಆ ಲೆಕ್ಕ ಸರಿಯಾಗಿಯೇ ಇತ್ತು, ಈಗಲೂ ಸರಿಯಾಗಿಯೇ ಇದೆ.

ನನ್ನ ಷರತ್ತು ಒಂದೇ. ಪ್ರೊಸೆಸರ್ ಇಂಟೆಲ್‌ನ 8ನೇ ಜೆನ್, ಅಂದ್ರೆ ಎಂಟನೇ ತಲೆಮಾರಿನದು, ಇರಬೇಕು. ಯಾಕೆ ಅಂದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದ್ರೆ ಅವರ ಪಟ್ಟಿಯಲ್ಲಿ ಇಂಟೆಲ್‌ನ 8ನೇ ಜೆನ್‌ಗಿಂತ ಹಿಂದಿನವು ಒಂದೆರಡು ಬಿಟ್ಟರೆ ಇಲ್ಲವೇ ಇಲ್ಲ. ಅದಕ್ಕೇ ಕಂಪನಿಗಳು 6ನೇ, 7ನೇ ಜೆನ್ ಮಷೀನುಗಳನ್ನ ಲಾಟ್‌ಗಟ್ಟಲೆ ಹೊರಗೆ ಹಾಕ್ತಿವೆ. ಆ ಮಾಲೇ ಅಂಗಡಿಗಳಲ್ಲಿ ರಾಶಿ ಬಿದ್ದಿರೋದು. ನನ್ನ ಹತ್ತಿರ ಇನ್ನೊಬ್ಬರ ಪೋರ್ಟಲ್ ಪಾಸ್‌ವರ್ಡ್, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಇರ್ತವೆ. ಅಪ್‌ಡೇಟ್ ಬರದ ಮಷೀನಲ್ಲಿ ಅವನ್ನ ಹಾಕೋಕಾಗಲ್ಲ.

ಇದನ್ನೆಲ್ಲ ಅಂಗಡಿಯವನಿಗೆ ಫೋನಲ್ಲೇ ಹೇಳಿದ್ದೆ. ಬಿಡಿಸಿ ಬಿಡಿಸಿ ಹೇಳಿದ್ದೆ. ಅವನೇ ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಕೆಳಗೆ ಬರೆದ, ‘ಡೆಲ್ ಮೈಕ್ರೋ, ಐ5 8ನೇ ಜೆನ್, 8 ಜಿಬಿ, 256 ಎಸ್‌ಎಸ್‌ಡಿ, ವಿಂಡೋಸ್ 11, 13,500 ಫೈನಲ್’ ಅಂತ. ಅದನ್ನ ಹಾಗೇ ನನ್ನ ತಮ್ಮನಿಗೆ ಫಾರ್ವರ್ಡ್ ಮಾಡಿದೆ. ‘ಪರವಾಗಿಲ್ಲಕ್ಕ, ತಗೋ’ ಅಂದ.

ಅಂಗಡಿ ಮೊದಲನೇ ಮಹಡಿಯಲ್ಲಿದೆ. ಹೆಸರು ಇಲ್ಲಿ ಹಾಕ್ತಿಲ್ಲ, ದೂರು ನಡೀತಾ ಇದೆ. ಆ ರಸ್ತೆಯಲ್ಲಿ ನೆಟ್ಟಗೆ ವ್ಯಾಪಾರ ಮಾಡೋರೂ ಇದ್ದಾರೆ, ಅದೂ ಗೊತ್ತು. ಹೋದ ತಕ್ಷಣ ಟೇಬಲ್ ಮೇಲೆ ಒಂದು ಮಷೀನ್ ಆನ್ ಆಗೇ ಇತ್ತು. ನಾನೇ ಕೂತು ಸೆಟ್ಟಿಂಗ್ಸ್ ತೆಗೆದು ನೋಡಿದೆ. ಐ5-8500ಟಿ. ಸರಿಯಾಗಿದೆ. ಎರಡು ಮೂರು ಪೇಜ್ ತೆಗೆದೆ, ಚುರುಕಾಗಿತ್ತು. ಆಯ್ತು ಕೊಡಿ ಅಂದೆ.

ಆಗ ಅಂದ ನೋಡಿ, ‘ಮೇಡಂ, ಇದು ಡಿಸ್‌ಪ್ಲೇ ಪೀಸ್. ಧೂಳು ಕೂತಿದೆ, ಗೀರು ಬಿದ್ದಿದೆ. ನಿಮಗೆ ಗೋಡೌನಿಂದ ನೀಟಾಗಿರೋದು ತರಿಸ್ತೀನಿ. ಸೇಮ್ ಮಾಡೆಲ್, ಸೇಮ್ ಲಾಟ್.’ ಹುಡುಗ ಒಬ್ಬ ಒಂದು ಡಬ್ಬ ತಂದ. ಅದೇ ಅಳತೆ, ಅದೇ ಕಪ್ಪು ಬಣ್ಣ, ಎದುರಿಗೆ ಹೊಳೀತಾ ಇರೋ ‘ಕೋರ್ ಐ5 8ನೇ ಜೆನ್’ ಸ್ಟಿಕ್ಕರ್. ಪ್ಲಗ್ ಹಾಕಿದ, ಡೆಸ್ಕ್‌ಟಾಪ್ ಬಂತು, ‘ನೋಡಿ ಮೇಡಂ ಆನ್ ಆಯ್ತು’ ಅಂದ. ನಾನು ಮೌಸ್ ಹಿಡಿಯೋ ಮುಂಚೆ ಶಟ್‌ಡೌನ್ ಕೊಟ್ಟು ಬಬಲ್ ಶೀಟ್ ಸುತ್ತೋಕೆ ಶುರು. ಅಷ್ಟರಲ್ಲಿ ಓನರ್ ಬಿಲ್ ವಿಷಯ ತೆಗೆದ. ಬಿಲ್ ಬೇಕು ಅಂದ್ರೆ 18 ಪರ್ಸೆಂಟ್ ಜಾಸ್ತಿ, ತೆರಿಗೆ ಇಲ್ಲದ ಎಸ್ಟಿಮೇಟ್ ಚೀಟಿ ಸಾಕು ಅಂದ್ರೆ 13,500. ನನಗೆ ಬಿಲ್ ಬೇಕೇ ಬೇಕು ಅಂತ ಹಟ ಹಿಡಿದೆ. 2,430 ಸೇರಿಸಿ 15,930 ಕೊಟ್ಟೆ.

(ಹಳೇ ಸಾಮಾನಿಗೆ, ಅಂಗಡಿಯವನು ತಾನು ಕೊಳ್ಳುವಾಗ ಕೊಟ್ಟ ತೆರಿಗೆಗೆ ಕ್ರೆಡಿಟ್ (ಐಟಿಸಿ) ತಗೊಂಡಿಲ್ಲದಿದ್ರೆ, ಲಾಭದ ಅಂಶದ ಮೇಲಷ್ಟೇ ತೆರಿಗೆ ಕಟ್ಟೋ ದಾರಿ ಜಿಎಸ್‌ಟಿ ನಿಯಮದಲ್ಲೇ ಇದೆ. ಅದನ್ನ ಹೇಳಿದೆ. ‘ಅದೆಲ್ಲ ನಮ್ಮ ಆಡಿಟರ್‌ಗೆ ಗೊತ್ತು ಮೇಡಂ’ ಅಂದ.)

ಮನೆಗೆ ತಂದು ಹಾಕಿದ ದಿನದಿಂದಲೇ ಕಾಟ. ಆನ್ ಮಾಡಿದಾಗಲೆಲ್ಲ ಕಪ್ಪು ಪರದೆಯಲ್ಲಿ ಪವರ್ ಅಡಾಪ್ಟರ್ ಯಾವುದು ಅಂತ ಗೊತ್ತಾಗ್ತಿಲ್ಲ ಅಂತ ಇಂಗ್ಲಿಷಲ್ಲಿ ಬರೋದು, ಒಂದು ಕೀ ಒತ್ತಿದ್ರೆ ಮುಂದೆ ಹೋಗೋದು. ಕೊಟ್ಟಿರೋದು ಲೋಕಲ್ ಅಡಾಪ್ಟರ್. ಡೆಲ್ ಮಷೀನಿಗೆ ತನ್ನ ಅಡಾಪ್ಟರ್ ಗುರುತು ಸಿಗದಿದ್ರೆ ಪ್ರೊಸೆಸರ್ ವೇಗವನ್ನ ತಾನೇ ಇಳಿಸಿಬಿಡುತ್ತೆ. ತಿಂಗಳ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು ಕೊನೆ, ಇಲ್ಲಿ ಎಕ್ಸೆಲ್ ಫೈಲ್ ತೆಗೆಯೋಕೆ ಹುಡುಗಿ ಕೈ ಕಟ್ಟಿ ಕೂತಿದ್ದಾಳೆ.

ತಮ್ಮ ಬಂದ. ರ‍್ಯಾಮ್ ಹೆಚ್ಚು ಮಾಡಿದ್ರೆ ಸರಿಹೋಗಬಹುದು ಅಂತ ಡಿಡಿಆರ್4 ಸ್ಟಿಕ್ ತಂದಿದ್ದ. ಮುಚ್ಚಳ ತೆಗೆದು ಕೂರಿಸೋಕೆ ಹೋದ್ರೆ ಕೂರ್ತಾ ಇಲ್ಲ. ಕಚ್ಚು ಹೊಂದ್ತಾನೇ ಇಲ್ಲ. ‘ಅಕ್ಕ, ಇದರಲ್ಲಿರೋದು ಡಿಡಿಆರ್3, ಹಳೇ ಥರದ್ದು. ಇದು ಎಂಟನೇ ಜೆನ್ ಆಗೋಕೆ ಸಾಧ್ಯಾನೇ ಇಲ್ಲ’ ಅಂದ. ಸೆಟ್ಟಿಂಗ್ಸ್ ತೆಗೆದ. ಐ5-6500ಟಿ. ಆಮೇಲೆ ರೀಸ್ಟಾರ್ಟ್ ಮಾಡಿ ಎಫ್2 ಒತ್ತಿ ಬಯೋಸ್, ಅಂದ್ರೆ ವಿಂಡೋಸ್‌ಗೂ ಮುಂಚೆ ಬರೋ ಮಷೀನಿನದೇ ಸೆಟ್ಟಿಂಗ್ ಪರದೆ, ತೋರಿಸಿದ. ಆಪ್ಟಿಪ್ಲೆಕ್ಸ್ 3040. ತಯಾರಾದ ವರ್ಷ 2016. ನನಗೆ ತೋರಿಸಿದ್ದ 8500ಟಿಯಲ್ಲಿ ಆರು ಕೋರ್, ಇದರಲ್ಲಿ ನಾಲ್ಕು.

ಎದುರಿಗಿದ್ದ ಸ್ಟಿಕ್ಕರನ್ನ ಉಗುರಲ್ಲಿ ಎತ್ತಿದೆ. ಹೊಸ ಗೋಂದು, ಸಲೀಸಾಗಿ ಎದ್ದು ಬಂತು. ಕೆಳಗೆ ಹಳೇ ಸ್ಟಿಕ್ಕರ್ ಕಿತ್ತ ಚೌಕದ ಗುರುತು, ಅಂಚಲ್ಲಿ ಕಪ್ಪಾಗಿ ಗಟ್ಟಿಯಾದ ಗೋಂದು. ಅಂದ್ರೆ ಕೂತು, ಹಳೇದನ್ನ ಕೆರೆದು, ಅದೇ ಜಾಗಕ್ಕೆ ಅಳತೆ ನೋಡಿ ಹೊಸದನ್ನ ಅಂಟಿಸಿದ್ದಾರೆ. ಇದು ಕೈತಪ್ಪಿ ಆಗೋ ಕೆಲಸ ಅಲ್ಲ. ಹುಡುಗಿ ಎದುರಿಗೆ, ತಮ್ಮನ ಎದುರಿಗೆ ಮುಖ ಎತ್ತೋಕಾಗಲಿಲ್ಲ ನನಗೆ. ಬಿಲ್ ನೋಡೋದೇ ನನ್ನ ಕಸುಬು. ನನ್ನ ಕಿವಿ ಮೇಲೇ ಹೂವಿಟ್ಟು ಕಳಿಸಿದ್ರಲ್ಲ ಅಂತ ಅವತ್ತು ಊಟ ಸೇರಲಿಲ್ಲ.

ಫೋನ್ ಮಾಡಿದೆ. ಅವನ ಮಾತನ್ನ ಹಾಗೇ ಬರೀತೀನಿ, ಓದಿ.

ಮೊದಲು, ‘ಚಾನ್ಸೇ ಇಲ್ಲ ಮೇಡಂ, ನಾವು 6ನೇ ಜೆನ್ ಇಡೋದೇ ಇಲ್ಲ.’ ಬಯೋಸ್ ಫೋಟೋ ಕಳಿಸಿದೆ. ಅದಕ್ಕೆ, ‘6500 ಅಂದ್ರೆ ಜೆನರೇಶನ್ ಅಲ್ಲ ಮೇಡಂ, ಅದು ಮಾಡೆಲ್ ನಂಬರ್. ಐ5 ಕೇಳಿದ್ರಿ, ಐ5 ಕೊಟ್ಟಿದೀವಿ.’ ನನಗೇ ಪಾಠ! ಇಂಟೆಲ್‌ನ ಆ ಸಾಲಿನಲ್ಲಿ ಗೆರೆ ಆದಮೇಲೆ ಬರೋ ನಂಬರಲ್ಲಿ ಕೊನೆಯ ಮೂರು ಅಂಕಿ ಬಿಟ್ಟು ಮುಂದೆ ಉಳಿಯೋದೇ ಜೆನ್. 6500 ಅಂದ್ರೆ ಆರು, 8500 ಅಂದ್ರೆ ಎಂಟು, 10500 ಅಂದ್ರೆ ಹತ್ತು. ಅದನ್ನ ಹೇಳಿದ ಮೇಲೆ ರಾಗ ಬದಲಾಯ್ತು. ‘ಸ್ಟಾಫ್ ಹುಡುಗ್ರು ಮಿಕ್ಸ್ ಮಾಡಿರಬೇಕು.’ ಸರಿ, ಬದಲಾಯಿಸಿ ಕೊಡಿ ಅಂದೆ. ‘ಬದಲಾಯಿಸ್ತೀನಿ, ಐದು ಸಾವಿರ ಡಿಫರೆನ್ಸ್ ಕೊಡಿ. ಆ ರೇಟಿಗೆ 8ನೇ ಜೆನ್ ಎಲ್ಲಿ ಬರುತ್ತೆ ಮೇಡಂ?’ ರೇಟ್ ಹೇಳಿದ್ದು ಯಾರು? ಅವನೇ! ಫೈನಲ್ ಅಂತ ಬರೆದಿದ್ದು ಯಾರು? ಅವನೇ!

ಆಮೇಲೆ ಹೇಳಿದ ಮಾತು ಎಲ್ಲಕ್ಕಿಂತ ಉರಿಸಿದ್ದು. ‘ಮನೇಲಿ ಸರ್ ಇದ್ರೆ ಫೋನ್ ಕೊಡಿ ಮೇಡಂ, ಅವರಿಗಾದ್ರೆ ಅರ್ಥ ಆಗುತ್ತೆ.’

ಕಂಪ್ಯೂಟರ್ ಕೊಂಡವಳು ನಾನು, ದುಡ್ಡು ಕೊಟ್ಟವಳು ನಾನು, ಅದರಲ್ಲಿ ದುಡಿಯೋಳು ನಾನು. ಸರ್‌ಗೆ ಏನು ಅರ್ಥ ಆಗಬೇಕು?

ಬಾಯಿಗೆ ಬಂದಿದ್ದು ಹೇಳಿ ಫೋನ್ ಇಟ್ಟೆ. ಅವನದೇ ಮೆಸೇಜ್ ಅವನಿಗೆ ತೋರಿಸೋಣ ಅಂತ ವಾಟ್ಸಾಪ್ ತೆಗೆದ್ರೆ ಅದೂ ಇಲ್ಲ. ಫೋಟೋ ಇದ್ದ ಜಾಗದಲ್ಲಿ, ರೇಟ್ ಬರೆದ ಜಾಗದಲ್ಲಿ, ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತಷ್ಟೇ. ದುಡ್ಡು ಕೈಸೇರಿದ ಮೇಲೆ ಯಾವಾಗಲೋ ಕೂತು ಎಲ್ಲಾ ಅಳಿಸಿದ್ದಾನೆ. ಆ ಕ್ಷಣ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯ್ತು. ಇದು ಸ್ಟಾಫ್ ಮಿಕ್ಸ್ ಮಾಡಿದ್ದಲ್ಲ. ಮೊದಲಿಂದಲೂ ಗೊತ್ತಿದ್ದೇ ಮಾಡಿದ್ದು.

ಬಿಲ್ ಇದೆಯಲ್ಲ ಅಂತ ಬಿಲ್ ತೆಗೆದೆ. ‘ಮಿನಿ ಸಿಪಿಯು ಐ5/8/256, 1 ನಗ’ ಅಂತಿದೆ. ಮಾಡೆಲ್ ಇಲ್ಲ, ಸರ್ವಿಸ್ ಟ್ಯಾಗ್ (ಡೆಲ್ ಒಂದೊಂದು ಮಷೀನಿಗೂ ಕೊಡೋ ಗುರುತಿನ ನಂಬರ್) ಇಲ್ಲ. ಮತ್ತೆ ಫೋನ್ ಮಾಡಿ ಎಂಟು ಅಂತ ಬರೆದಿದ್ದೀರಲ್ಲ ಅಂದ್ರೆ, ‘ಅದು 8 ಜಿಬಿ ರ‍್ಯಾಮ್ ಮೇಡಂ’ ಅಂದ. ನಗ್ತಾ ಅಂದ. ಕೆಳಗೆ ದಪ್ಪ ಅಕ್ಷರದಲ್ಲಿ ‘ಒಮ್ಮೆ ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಅಂತ ಅಚ್ಚು. ಕೊನೆಗೆ, ‘ನೀವೇ ಮುಚ್ಚಳ ತೆಗೆದಿದೀರ, ಸೀಲ್ ಒಡೆದಿದೆ, ವಾರಂಟಿ ಇಲ್ಲ’ ಅಂದು ನನ್ನ ನಂಬರ್ ಬ್ಲಾಕ್ ಮಾಡಿದ.

ಅವನು ಮರೆತಿದ್ದು ಒಂದೇ. ನಾನು ತಮ್ಮನಿಗೆ ಫಾರ್ವರ್ಡ್ ಮಾಡಿದ್ದು ತಮ್ಮನ ಫೋನಲ್ಲಿ ಹಾಗೇ ಇದೆ. ಅವನು ಅಳಿಸಿದ್ರೆ ನಮ್ಮಿಬ್ಬರ ಚಾಟ್‌ನಿಂದ ಹೋಗುತ್ತೆ, ಫಾರ್ವರ್ಡ್ ಆಗಿದ್ದು ಹೋಗಲ್ಲ. 8ನೇ ಜೆನ್ ಅಂತ, ತಾರೀಖಿನ ಸಮೇತ.

ಇನ್ನೊಂದು ವಿಷಯ ಬಿಟ್ಟೆ, ಇದು ಇನ್ನೂ ಅಪಾಯ. ವಿಂಡೋಸ್ 11 ಹಾಕಿ ಕೊಟ್ಟಿದ್ದಾನಲ್ಲ, 6ನೇ ಜೆನ್‌ಗೆ ಅದು ಹೇಗೆ ಬಂತು? ಚೆಕಿಂಗ್ ತಪ್ಪಿಸಿ ಇನ್‌ಸ್ಟಾಲ್ ಮಾಡೋ ದಾರಿಗಳಿವೆ, ಹಾಗೆ ಹಾಕಿದ್ದಾನೆ. ಇಂಥ ಮಷೀನಿಗೆ ಅಪ್‌ಡೇಟ್ ಕೊಟ್ಟೇ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಲ್ಲ. ತಮ್ಮ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಕ್ಟಿವೇಶನ್ ನೋಡಿದ್ರೆ ಅದು ಇಂಥ ತಾರೀಖಿಗೆ ಮುಗಿಯುತ್ತೆ ಅಂತ ಬಂತು. ದೊಡ್ಡ ಕಂಪನಿಗಳ ವಾಲ್ಯೂಮ್ ಲೈಸೆನ್ಸ್ ಥರ ನಟಿಸೋ ಕ್ರ್ಯಾಕ್ ಹಾಕಿದ್ದಾನೆ, 180 ದಿನದ್ದು. ಆ ಕ್ರ್ಯಾಕ್ ಜೊತೆ ಇನ್ನೇನು ಒಳಗೆ ಕೂತಿದೆಯೋ ಯಾರಿಗೆ ಗೊತ್ತು? ಅದರಲ್ಲಿ ನಾನು ಗಿರಾಕಿಗಳ ಜಿಎಸ್‌ಟಿ ಲಾಗಿನ್ ಹಾಕಬೇಕಿತ್ತಂತೆ. ಹುಡುಗಿ ಅದರಲ್ಲಿ ತೆರೆದಿದ್ದ ಲಾಗಿನ್‌ಗಳ ಪಾಸ್‌ವರ್ಡೆಲ್ಲ ಕೂತು ಬದಲಾಯಿಸಿದ್ದಾಯ್ತು, ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿ ಓಟಿಪಿ ಕೇಳ್ಕೊಂಡು, ಕಾರಣ ಹೇಳ್ಕೊಂಡು. ಆ ನಾಚಿಕೆ ಬೇರೆ.

ಹಾಗಾದ್ರೆ ಹಳೇ ಮಿನಿ ಪಿಸಿ ತಗೋಬಾರದಾ ಅಂತ ಕೇಳ್ತಿದಾರೆ ಗೊತ್ತಿರೋರು. ತಗೊಳ್ಳಿ. 8ನೇ ಜೆನ್ ಇದ್ದು, ಒರಿಜಿನಲ್ ಅಡಾಪ್ಟರ್ ಇದ್ದು, ಬೆಲೆ ಹೊಂದಿದ್ರೆ ಮನೆಗೂ ಸಣ್ಣ ಆಫೀಸಿಗೂ ಧಾರಾಳವಾಗಿ ಸಾಕು. 6ನೇ ಜೆನ್ ಕೂಡ ಕೆಟ್ಟದ್ದಲ್ಲ, ಮಕ್ಕಳು ಓದೋಕೆ ಲಿನಕ್ಸ್ ಹಾಕಿ ಕೊಡಬಹುದು, ಆದ್ರೆ 6ನೇ ಜೆನ್ ಅಂತ ಹೇಳಿ 6ನೇ ಜೆನ್ ರೇಟಿಗೆ ಮಾರಲಿ! 8ರ ದುಡ್ಡು ಇಸ್ಕೊಂಡು 6 ಕೊಡೋದು ವ್ಯಾಪಾರ ಅಲ್ಲ, ಕಳ್ಳತನ.

ಹೋಗೋರು ಇಷ್ಟು ಮಾಡಿ. ಪ್ಯಾಕ್ ಆಗೋ ಪೀಸನ್ನೇ ಆನ್ ಮಾಡಿಸಿ, ಡೆಲ್ ಆದ್ರೆ ಎಫ್2 ಒತ್ತಿ ಬಯೋಸ್‌ನಲ್ಲೇ ಪ್ರೊಸೆಸರ್ ನೋಡಿ, ಸ್ಟಿಕ್ಕರ್ ನಂಬಬೇಡಿ. ಡಿಸ್‌ಪ್ಲೇ ಪೀಸ್ ಚೆನ್ನಾಗಿದ್ರೆ ಅದನ್ನೇ ಕೇಳಿ, ಗೀರು ಬಿದ್ದಿದ್ರೂ ಪರವಾಗಿಲ್ಲ. ಸರ್ವಿಸ್ ಟ್ಯಾಗನ್ನ ಡೆಲ್ ವೆಬ್‌ಸೈಟಲ್ಲಿ ಹಾಕಿದ್ರೆ ಯಾವ ಮಾಡೆಲ್, ಯಾವಾಗ ಹೊರಬಂತು ಅಂತ ಅಂಗಡಿಯಲ್ಲೇ ನಿಂತು ನೋಡಬಹುದು. ಪೂರ್ತಿ ಪ್ರೊಸೆಸರ್ ನಂಬರ್ ಮತ್ತೆ ಸರ್ವಿಸ್ ಟ್ಯಾಗ್ ಬಿಲ್‌ನಲ್ಲಿ ಬರೆಸಿ. ಬರೆಯೋಕೆ ಮೀನಮೇಷ ಎಣಿಸಿದ್ರೆ ಎದ್ದು ಬನ್ನಿ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ.

‘ವಾಪಸ್ ತೆಗೆದುಕೊಳ್ಳುವುದಿಲ್ಲ’ ಅನ್ನೋ ಅಚ್ಚಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸಾಮಾನು ಯಾವ ಮಾಡೆಲ್, ಯಾವ ಗುಣಮಟ್ಟ ಅಂತ ಸುಳ್ಳು ಹೇಳಿ ಮಾರೋದೂ ಅನುಚಿತ ವ್ಯಾಪಾರವೇ, ದೋಷ ಇರೋ ಸಾಮಾನು ವಾಪಸ್ ತಗೊಳ್ಳಲ್ಲ ಅನ್ನೋದೂ ಅನುಚಿತ ವ್ಯಾಪಾರವೇ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಬಿಲ್, ಬಯೋಸ್ ಫೋಟೋ, ಕಿತ್ತ ಸ್ಟಿಕ್ಕರ್ ಫೋಟೋ, ತಮ್ಮನ ಫೋನಿನ ಮೆಸೇಜ್, ಎಲ್ಲಾ ಜೋಡಿಸಿ ಇಟ್ಟಿದ್ದೀನಿ. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ನಾವು ಇರೋ ಜಿಲ್ಲೆಯಲ್ಲೇ ಹಾಕಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ದೂರು ಹೋದ ಮೇಲೆ ಬೇರೆ ನಂಬರಿಂದ ಫೋನ್ ಬಂತು. ಈಗ ದನಿಯೇ ಬೇರೆ. ‘ಅಕ್ಕ, ಮನೆಯವರ ಥರ ಮಾತಾಡಿ ಮುಗಿಸೋಣ, ಮೂರು ಸಾವಿರ ವಾಪಸ್ ಹಾಕ್ತೀನಿ, ಕಂಪ್ಲೇಂಟ್ ತೆಗೆದುಬಿಡಿ.’ ಮೇಡಂ ಹೋಗಿ ಅಕ್ಕ ಆಗಿದ್ದೀನಿ! ಪೂರ್ತಿ 15,930 ಅಕೌಂಟಿಗೆ ಬರಲಿ, ಮಷೀನ್ ತಗೊಂಡು ಹೋಗಿ, ಆಮೇಲೆ ದೂರಿನ ಮಾತು ಅಂದೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾನೆ. ಆ ಕಾಲ್‌ನ ರೆಕಾರ್ಡಿಂಗೂ ದೂರಿನ ಕಾಗದಗಳ ಜೊತೆ ಸೇರಿಸಿದ್ದೀನಿ.