ಫಿಲ್ಟರ್‌ನಲ್ಲಿ ‘ಡಿಲೀಟ್ ಇಟ್’ ಟಿಕ್ ಮಾಡುವ ಮೊದಲು

ಉಡುಪಿ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿ ಆಫೀಸಿನಲ್ಲಿ ಆದದ್ದು. ಲೋನ್ ಆಫರ್, ಟೂರ್ ಆಫರ್, ವೆಬ್‌ಸೈಟ್ ಆಫರ್ ಎಂದು ಕಸದ ಮೇಲ್ ಬಂದು ಬಂದು ಸಾಕಾಗಿ, ಲೆಕ್ಕ ಬರೆಯುವ ಹುಡುಗ ಜಿಮೇಲ್‌ನಲ್ಲಿ ಫಿಲ್ಟರ್, ಅಂದರೆ ಬರುವ ಮೇಲ್‌ಗಳನ್ನು ತಾನಾಗಿ ಸೋಸುವ ನಿಯಮ, ಹಾಕಿದ. ‘ಹ್ಯಾಸ್ ದ ವರ್ಡ್ಸ್’ ಖಾನೆಯಲ್ಲಿ ‘ಆಫರ್’ ಎಂಬ ಒಂದೇ ಇಂಗ್ಲಿಷ್ ಶಬ್ದ, ಮುಂದಿನ ಹಂತದಲ್ಲಿ ‘ಡಿಲೀಟ್ ಇಟ್’ಗೆ ಟಿಕ್.

ಕಸವೇನೋ ನಿಂತಿತು. ಆದರೆ ಗೇರುಬೀಜದ ವ್ಯಾಪಾರದಲ್ಲಿ ದರ ಕೊಡುವುದಕ್ಕೇ ಆಫರ್ ಅನ್ನುವುದು ಮಾರಾಯ್ರೆ! ‘ಡಬ್ಲ್ಯು 320ಕ್ಕೆ (ಗೇರುಬೀಜದ ಒಂದು ಗ್ರೇಡ್) ಆಫರ್ ಕಳಿಸಿ’ ಎಂದು ಹಳೇ ಗಿರಾಕಿ ಬರೆದದ್ದು ಸೀದಾ ಟ್ರ್ಯಾಶಿಗೆ ಹೋಯಿತು. ಅವರು ಮತ್ತೆ ನೆನಪಿಸಿದ ಮೇಲ್ ಕೂಡ ಅಲ್ಲಿಗೇ, ಯಾಕೆಂದರೆ ಅದರ ಅಡಿಯಲ್ಲಿ ಹಳೇ ಮೇಲ್ ಅಂಟಿಕೊಂಡಿತ್ತು. ಆ ಖಾನೆ ಸಬ್ಜೆಕ್ಟ್ ಒಂದನ್ನೇ ಅಲ್ಲ, ಮೇಲ್‌ನ ಒಳಗಿನ ಬರಹವನ್ನೂ ನೋಡುತ್ತದೆ. ಹುಡುಕಿದರೂ ಸಿಗಲಿಲ್ಲ. ಜಿಮೇಲ್‌ನ ಮಾಮೂಲಿ ಹುಡುಕಾಟಕ್ಕೆ ಸ್ಪ್ಯಾಮ್, ಟ್ರ್ಯಾಶ್ ಸೇರುವುದಿಲ್ಲ, ಅವನ್ನು ಬೇರೆಯಾಗಿ ನೋಡಬೇಕು. ಗಿರಾಕಿ ಬೇರೆ ಕಡೆ ಮಾಲು ಹಿಡಿದ ಮೇಲೆ ವಿಷಯ ಗೊತ್ತಾಯಿತು. ಅಷ್ಟರಲ್ಲಿ 30 ದಿನ ದಾಟಿ ಟ್ರ್ಯಾಶೂ ಖಾಲಿ. ಸ್ಪ್ಯಾಮಿಗೂ ಅದೇ 30 ದಿನದ ವಾಯಿದೆ.

ಫಿಲ್ಟರ್ ಬೇಕಿದ್ದರೆ ಕಂಪ್ಯೂಟರಿನಲ್ಲಿ ಮಾಡಿ, ಮೊಬೈಲ್ ಆ್ಯಪ್‌ನಲ್ಲಿ ಆಗುವುದಿಲ್ಲ. ಕಸದ ಮೇಲ್ ತೆರೆದು ಮೇಲಿನ ಮೂರು ಚುಕ್ಕಿ ಒತ್ತಿ, ‘ಫಿಲ್ಟರ್ ಮೆಸೇಜಸ್ ಲೈಕ್ ದೀಸ್’ ಆರಿಸಿ. ಕಳಿಸಿದವರ ವಿಳಾಸ ತಾನಾಗಿ ತುಂಬುತ್ತದೆ. ಶಬ್ದ ಹಿಡಿದು ಸೋಸುವುದಕ್ಕಿಂತ ವಿಳಾಸ ಹಿಡಿದು ಸೋಸುವುದೇ ವಾಸಿ. ‘ಕ್ರಿಯೇಟ್ ಫಿಲ್ಟರ್’ ಒತ್ತುವ ಮೊದಲು ಪಕ್ಕದ ‘ಸರ್ಚ್’ ಒತ್ತಿದರೆ ಈಗಿರುವ ಮೇಲ್‌ಗಳಲ್ಲಿ ಯಾವುದೆಲ್ಲ ಬಲೆಗೆ ಬೀಳುತ್ತದೆ ಎಂದು ಕಾಣುತ್ತದೆ. ಅದರಲ್ಲಿ ಗಿರಾಕಿಯದ್ದೋ ಜಿಎಸ್‌ಟಿಯದ್ದೋ ಒಂದು ಮೇಲ್ ಕಂಡರೂ ಆ ಫಿಲ್ಟರ್ ಬೇಡ.

ಅಳಿಸುವ ಬದಲು ‘ಸ್ಕಿಪ್ ದ ಇನ್‌ಬಾಕ್ಸ್’ ಟಿಕ್ ಮಾಡಿ, ‘ನೋಡಬೇಕು’ ಎಂಬ ಲೇಬಲ್ ಹಾಕಿ. ಎರಡು ವಾರ ದಿನಕ್ಕೊಮ್ಮೆ ಆ ಲೇಬಲ್ ತೆರೆದು ನೋಡಿದರೆ ಫಿಲ್ಟರ್‌ನ ಯೋಗ್ಯತೆ ತಿಳಿಯುತ್ತದೆ. ಖಾಯಂ ಗಿರಾಕಿಗಳ ವಿಳಾಸಕ್ಕೆ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಹಾಕಬಹುದು. ಇಡೀ ಜಿಮೇಲ್ ಡೊಮೈನಿಗೇ, ಅಂದರೆ @gmail.com ಎಂದು ಮುಗಿಯುವ ಎಲ್ಲ ವಿಳಾಸಕ್ಕೂ, ಅದನ್ನು ಹಾಕಿದವರೂ ಇದ್ದಾರೆ, ಅದು ಕಳ್ಳನಿಗೆ ಕೀಲಿಕೈ ಕೊಟ್ಟ ಹಾಗೆ.

ಆಫೀಸಿನ ಮೇಲ್ ನೋಡುತ್ತಿದ್ದವರು ಕೆಲಸ ಬಿಟ್ಟರೆ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್’ ಮತ್ತು ‘ಫಾರ್ವರ್ಡಿಂಗ್’ (ಮೇಲ್ ಬೇರೆ ವಿಳಾಸಕ್ಕೆ ತಾನಾಗಿ ಹೋಗುವ ವ್ಯವಸ್ಥೆ) ಎರಡನ್ನೂ ತೆರೆಯಿರಿ. ಅವರು ಹಾಕಿದ ಫಿಲ್ಟರ್ ಅವರು ಹೋದ ಮೇಲೂ ಅಲ್ಲೇ ಕೆಲಸ ಮಾಡುತ್ತಿರುತ್ತದೆ.