ಮಸಾಯಿ ಮಾರಾ ಪ್ಯಾಕೇಜ್‌ಗೆ ದುಡ್ಡು ಕಳಿಸುವ ಮೊದಲು ಪಾರ್ಕ್ ಟಿಕೆಟ್ ಎಷ್ಟು ದಿನದ್ದು ಅಂತ ಕೇಳಿ

ಜುಲೈ, ಆಗಸ್ಟ್‌ನಲ್ಲಿ ಕೀನ್ಯಾಕ್ಕೆ ಹೋಗುವ ಯೋಚನೆ ಇದ್ದರೆ ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ. ಆಮೇಲೆ ನನ್ನ ಹಾಗೆ ಗೇಟಿನ ಹೊರಗೆ ನಿಂತು ವಾಟ್ಸಾಪ್‌ನಲ್ಲಿ ಜಗಳ ಆಡುವ ಗತಿ ಬೇಡ. ಅಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತದೆ, ಜಗಳ ಕೂಡ ನೆಟ್ಟಗೆ ಆಡಲು ಆಗುವುದಿಲ್ಲ.

ನಾವು ತಗೊಂಡದ್ದು ಕೀನ್ಯಾದ ವನ್ಯಜೀವಿ ಪಾರ್ಕ್ ಮಸಾಯಿ ಮಾರಾದ "ಮೂರು ದಿನ, ಎರಡು ರಾತ್ರಿ" ಪ್ಯಾಕೇಜ್. ಎಲ್ಲರೂ ಮಾರುವುದು ಇದನ್ನೇ. ನಾನು, ಹೆಂಡತಿ, ಹನ್ನೆರಡು ವರ್ಷದ ಮಗಳು. ಏಜೆಂಟ್ ನೈರೋಬಿಯವನು. ಹೆಸರು ಹಾಕುತ್ತಿಲ್ಲ. ಅವನೊಬ್ಬನನ್ನು ಬಿಟ್ಟರೆ ನೀವು ಬಚಾವ್ ಅಂತ ಅಂದುಕೊಳ್ಳಬೇಡಿ, ಅದಕ್ಕೇ. ಅವನು ಹೇಳಿದ್ದು ಇಷ್ಟು: ನಮ್ಮ ಮೂವರಿಗೆ ಮಾತ್ರ ಒಂದು ಲ್ಯಾಂಡ್ ಕ್ರೂಸರ್, ಪಾರ್ಕಿನ ಒಳಗೇ ಕ್ಯಾಂಪ್, ಪಾರ್ಕ್ ಫೀ ಎಲ್ಲ ಸೇರಿ ರೇಟು, ದಿನಾ ಗೇಮ್ ಡ್ರೈವ್ (ಗಾಡಿಯಲ್ಲಿ ಪ್ರಾಣಿ ನೋಡುವ ಸುತ್ತು), ವೈಲ್ಡ್‌ಬೀಸ್ಟ್ (ಹಿಂಡಾಗಿ ವಲಸೆ ಹೋಗುವ, ದನದಂಥ ಕಾಡುಪ್ರಾಣಿ) ದಾಟುವ ಮಾರಾ ನದಿ. ಅಡ್ವಾನ್ಸ್ ಹೋಗುವ ತನಕ ನಾನು ಅವನಿಗೆ "ಮೈ ಬ್ರದರ್". ದಿನಕ್ಕೆ ಎರಡು ಸಲ ಸಿಂಹದ ಫೋಟೋ, ಗುಡ್ ಮಾರ್ನಿಂಗ್. ಅಡ್ವಾನ್ಸ್ ಹೋದ ಮೇಲೆ "ಡಿಯರ್ ಸರ್". ಬಾಕಿ ದುಡ್ಡು ಡಾಲರ್‌ನಲ್ಲಿ, ಕ್ಯಾಶ್‌ನಲ್ಲಿ ಕೊಟ್ಟ ಮೇಲೆ "ಡಿಯರ್ ಗೆಸ್ಟ್". ಈಗ ಏನೂ ಇಲ್ಲ, ಬರೀ ನೀಲಿ ಟಿಕ್.

ವ್ಯಾಕ್ಸಿನ್, ಇಟಿಎ (ಕೀನ್ಯಾಕ್ಕೆ ಹೋಗಲು ಆನ್‌ಲೈನ್‌ನಲ್ಲಿ ತಗೊಳ್ಳುವ ಅನುಮತಿ) ಎಲ್ಲ ನಾವೇ ಮಾಡಿಕೊಂಡೆವು. ಹಳದಿ ಜ್ವರದ ಸೂಜಿ ಹೊರಡುವ 10 ದಿನ ಮೊದಲಾದರೂ ಚುಚ್ಚಿಸಿಕೊಂಡಿರಬೇಕು, ಆ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ಏರ್‌ಪೋರ್ಟ್‌ನಲ್ಲೇ ತೊಂದರೆ. ಅದೆಲ್ಲ ಸಲೀಸಾಗಿ ಆಯಿತು. ಬೇರೆಯವರ ಕೈಗೆ ಕೊಟ್ಟ ಕೆಲಸ ಒಂದೇ ಕೆಟ್ಟದ್ದು.

ಮೊದಲನೇ ದಿನ ಬೆಳಿಗ್ಗೆ ಹೋಟೆಲ್ ಮುಂದೆ ಬಂದದ್ದು ವ್ಯಾನ್. ಮೇಲಿನ ಛಾವಣಿ ಎತ್ತುವ ಹಾಗೆ ಮಾಡಿಸಿದ ಬಿಳಿ ವ್ಯಾನ್. ಒಳಗೆ ಆಗಲೇ ಇಬ್ಬರು ಹುಡುಗರು ಕೂತಿದ್ದರು. ಫೋನ್ ಮಾಡಿದೆ. "ಅವರು ನಾರೋಕ್ ತನಕ ಮಾತ್ರ ಸರ್" ಅಂದ ಏಜೆಂಟ್. ನಾರೋಕ್ ಅಂದರೆ ದಾರಿಯಲ್ಲಿ ಸಿಗುವ ಊರು. ಲ್ಯಾಂಡ್ ಕ್ರೂಸರ್ ಎಲ್ಲಿ ಅಂತ ಕೇಳಿದ್ದಕ್ಕೆ "ನಾರೋಕ್‌ನಲ್ಲಿ ನೋಡೋಣ ಸರ್". ಸರಿ. ಮಾಯಿ ಮಾಹಿಯು ಅನ್ನುವ ಊರಿನ ಮೇಲಿನ ವ್ಯೂ ಪಾಯಿಂಟ್‌ನಲ್ಲಿ ನಿಂತು ರಿಫ್ಟ್ ಕಣಿವೆ ನೋಡಿದೆವು, ಫೋಟೋ ತೆಗೆದೆವು. ನಾರೋಕ್ ಬಂತು. ಹುಡುಗರು ಊಟ ಮಾಡಿದರು, ಟೀ ಕುಡಿದರು, ಮತ್ತೆ ವ್ಯಾನ್ ಹತ್ತಿ ಅದೇ ಸೀಟಿನಲ್ಲಿ ಕೂತರು. ಲ್ಯಾಂಡ್ ಕ್ರೂಸರ್ ಬರಲಿಲ್ಲ.

ಆ ಹುಡುಗರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ, ಪಾಪ. ಮಾತಿಗೆ ಮಾತು ಬಂದು ನೀವೆಷ್ಟು ಕೊಟ್ಟಿರಿ ಅಂತ ಕೇಳಿದೆ. ಹೇಳಿದರು. ನಮ್ಮ ತಲೆಗೆ ಬಿದ್ದದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅವರದು "ಜಾಯಿನಿಂಗ್ ಗ್ರೂಪ್", ಕಡಿಮೆ ರೇಟಿನದು. ನಮ್ಮದು "ಪ್ರೈವೇಟ್". ಒಂದೇ ವ್ಯಾನ್, ಒಂದೇ ಡ್ರೈವರ್, ಒಂದೇ ಕ್ಯಾಂಪ್. ಹೆಂಡತಿ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಏನು ಹೇಳಲಿ ಹೇಳಿ.

ಆದರೆ ಇದು ದೊಡ್ಡ ವಿಷಯ ಅಲ್ಲ. ವ್ಯಾನ್ ಆದರೂ ಪ್ರಾಣಿ ಕಾಣುತ್ತದೆ. ನಿಜವಾಗಿ ಟೋಪಿ ಬಿದ್ದದ್ದು ಪಾರ್ಕಿನ ಸೆಕೆನಾನಿ ಗೇಟ್ ಹತ್ತಿರ.

ಅಲ್ಲಿ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಡ್ರೈವರ್ ಛಾವಣಿ ಎತ್ತಿದ. "ಗೇಮ್ ಡ್ರೈವ್ ಶುರು" ಅಂದ. ನಾವೆಲ್ಲ ಎದ್ದು ನಿಂತೆವು. ಮಗಳ ಕೈಯಲ್ಲಿ ಬೈನಾಕ್ಯುಲರ್. ವ್ಯಾನ್ ಗೇಟಿನ ಕಡೆ ಹೋಗಲೇ ಇಲ್ಲ. ಹೊರಗಡೆಯ ಮಣ್ಣು ದಾರಿಯಲ್ಲಿ ಸುತ್ತಿತು. ಜೀಬ್ರಾ ಇದ್ದವು, ಒಂದು ಜಿರಾಫೆ ಇತ್ತು, ಸುಳ್ಳು ಹೇಳುವುದಿಲ್ಲ. ಜೊತೆಗೆ ಅಲ್ಲಿನ ಮಸಾಯಿ ಜನರ ದನ, ಆಡು, ಒಂದು ಮೋಟಾರ್ ಸೈಕಲ್. ಒಂದು ಗಂಟೆ ಆಗಿರಬೇಕು. ಆಮೇಲೆ ಸೀದಾ ಕ್ಯಾಂಪ್. ಕ್ಯಾಂಪ್ ಕೂಡ ಗೇಟಿನ ಹೊರಗೆ! ಫೋಟೋದಲ್ಲಿ ಟೆಂಟ್ ಮುಂದೆ ನದಿ, ನದಿಯಲ್ಲಿ ನೀರಾನೆ. ಇಲ್ಲಿ ಟೆಂಟ್ ಮುಂದೆ ಬಟ್ಟೆ ಒಣಗಿಸುವ ಹಗ್ಗ.

"ನಾಳೆ ಪಾರ್ಕು, ನಾಳಿದ್ದು ಬೆಳಿಗ್ಗೆ ಮತ್ತೆ ಪಾರ್ಕು, ಅಲ್ವಾ?" ಅಂತ ಡ್ರೈವರ್‌ಗೆ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಕನ್ನಡಿಯ ಮೇಲೆ ಸಿಕ್ಕಿಸಿದ್ದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಕೈಗೆ ಕೊಟ್ಟ. ಒಳಗೆ ಅವರ ಆಫೀಸಿನ ವೌಚರ್. ನನ್ನ ಹೆಸರು, ಮೂರು ಜನ, ಊಟ ವೆಜ್. ಕೆಳಗೆ ಪಾರ್ಕ್ ಫೀ ಅಂತ ಒಂದು ಸಾಲು, ಅದರ ಮುಂದೆ ಪೆನ್ನಿನಲ್ಲಿ ಬರೆದ ಒಂದೇ ಒಂದು ಅಂಕಿ: 1. ನಮಗೆ ಕಳಿಸಿದ ಕಾಪಿಯಲ್ಲಿ ಆ ಸಾಲೇ ಇರಲಿಲ್ಲ. "ರೀ, ಒಂದು ದಿನದ್ದು ಮಾತ್ರ ಕಟ್ಟಿದ್ದಾರೆ ಅಂತಲ್ವಾ ಇದು?" ಅಂದಳು ಹೆಂಡತಿ. ಹೌದು. ಅದೇ. ಮೂರು ದಿನದ ಸಫಾರಿ ಅಂತ ದುಡ್ಡು ತಗೊಂಡು ಒಂದು ದಿನದ ಟಿಕೆಟ್. ಒಂದೇ ದಿನದ್ದು!

ಲೆಕ್ಕ ಹೇಳುತ್ತೇನೆ, ಗೊತ್ತಿರಲಿ. 2024ರಿಂದ ಮಸಾಯಿ ಮಾರಾ ರಿಸರ್ವ್ ಒಳಗೆ ಹೋಗಲು ಹೊರದೇಶದ ದೊಡ್ಡವರಿಗೆ ಜನವರಿಯಿಂದ ಜೂನ್ ತನಕ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್ ತನಕ 200 ಡಾಲರ್. 9ರಿಂದ 17 ವರ್ಷದ ಮಕ್ಕಳಿಗೆ 50. ಅಂದರೆ ನಮಗೆ ದಿನಕ್ಕೆ 450 ಡಾಲರ್. ಈ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರ ತನಕ ಮಾತ್ರ. ಮೊದಲು 24 ಗಂಟೆ ನಡೆಯುತ್ತಿತ್ತು. ಆಗ ಮೊದಲ ದಿನ ಸಂಜೆ 4ಕ್ಕೆ ಒಳಗೆ ಹೋದರೆ ಮರುದಿನ 4ರ ತನಕ ಅದೇ ಟಿಕೆಟ್. "ಮೂರು ದಿನ, ಎರಡು ರಾತ್ರಿ" ಅನ್ನುವ ಲೆಕ್ಕ ಆಗ ಸರಿ ಹೋಗುತ್ತಿತ್ತು. ಈಗ ಮೊದಲ ಸಂಜೆಯ ಎರಡು ಗಂಟೆಗೂ ಪೂರ್ತಿ ಟಿಕೆಟ್. ಏಜೆಂಟ್ ಏನು ಮಾಡುತ್ತಾನೆ? ಪ್ಯಾಕೇಜ್ ಹೆಸರು ಅದೇ ಇಡುತ್ತಾನೆ, ಟಿಕೆಟ್ ಕತ್ತರಿಸುತ್ತಾನೆ.

ಇನ್ನೊಂದಿದೆ. ರಿಸರ್ವ್ ಒಳಗೇ ತಂಗಿದ್ದರೆ ಕೊನೆಯ ದಿನ ಬೆಳಿಗ್ಗೆ 10ರ ಒಳಗೆ ಹೊರಗೆ ಬಂದರೆ ಸಾಕು, ಆ ದಿನಕ್ಕೆ ಬೇರೆ ಟಿಕೆಟ್ ಬೇಡ. ಅಂದರೆ ಹೇಳಿದ ಹಾಗೆ ಒಳಗಿನ ಕ್ಯಾಂಪ್ ಕೊಟ್ಟಿದ್ದರೆ ಮೂರನೇ ದಿನದ ಬೆಳಗಿನ ಸುತ್ತು ನಮಗೆ ಹಾಗೇ ಸಿಗುತ್ತಿತ್ತು. ಬೆಳಿಗ್ಗೆ ಆರರಿಂದ ಒಂಬತ್ತು, ಸಿಂಹ ಎದ್ದು ಓಡಾಡುವ ಹೊತ್ತು! ಕ್ಯಾಂಪ್ ಹೊರಗೆ ಹಾಕಿ ಅದನ್ನೂ ನುಂಗಿದ. ಒಂದೇ ಏಟಿಗೆ ಎರಡು ಲಾಭ ಅವನಿಗೆ.

ರಾತ್ರಿ ಕ್ಯಾಂಪಿನ ಊಟದ ಹಾಲ್‌ನಲ್ಲಿ ನೆಟ್‌ವರ್ಕ್ ಹಿಡಿದುಕೊಂಡು ಕೂತೆ. ಅವನ ಉತ್ತರಗಳನ್ನು ಹಾಗೇ ಕನ್ನಡದಲ್ಲಿ ಹಾಕುತ್ತೇನೆ.

ಪಾರ್ಕಿಗೆ ಯಾಕೆ ಹೋಗಲಿಲ್ಲ? "ಡಿಯರ್ ಗೆಸ್ಟ್, ಮಾರಾದಲ್ಲಿ ಬೇಲಿ ಇಲ್ಲ. ಪ್ರಾಣಿಗಳಿಗೆ ಗೇಟ್ ಗೊತ್ತಿಲ್ಲ. ನೀವು ಇವತ್ತು ನೋಡಿದ ಜೀಬ್ರಾ ಮಾರಾದ ಜೀಬ್ರಾವೇ."

ಲ್ಯಾಂಡ್ ಕ್ರೂಸರ್? "ವ್ಯಾನ್‌ನ ಛಾವಣಿಯೂ ತೆರೆಯುತ್ತದೆ."

ಒಳಗಿನ ಕ್ಯಾಂಪ್? "ಗೇಟಿಗೆ ತುಂಬ ಹತ್ತಿರದ ಕ್ಯಾಂಪ್ ಕೊಟ್ಟಿದ್ದೇವೆ."

ದಿನಾ ಗೇಮ್ ಡ್ರೈವ್ ಅಂದಿರಲ್ಲ? "ಮೊದಲ ದಿನ ದಾರಿಯಲ್ಲಿ ಗೇಮ್ ಡ್ರೈವ್, ಎರಡನೇ ದಿನ ಪೂರ್ತಿ ಗೇಮ್ ಡ್ರೈವ್, ಮೂರನೇ ದಿನ ದಾರಿಯಲ್ಲಿ ಗೇಮ್ ಡ್ರೈವ್. ಮೂರು ದಿನ ಆಯಿತಲ್ಲ?"

ನೋಡಿ, ಯಾವುದೂ ಪೂರ್ತಿ ಸುಳ್ಳಲ್ಲ. ಅದಕ್ಕೇ ಮೈ ಉರಿಯುವುದು. ಜೀಬ್ರಾ ಮಾರಾದ್ದೇ. ಛಾವಣಿ ತೆರೆಯುತ್ತದೆ. ಕ್ಯಾಂಪ್ ಗೇಟಿಗೆ ಹತ್ತಿರವೇ. ನಮ್ಮ ಕಬಿನಿಯಲ್ಲಿ ರೂಮ್ ಬುಕ್ ಮಾಡಿದರೆ ಸಂಜೆ ಒಂದು ಸಫಾರಿ, ಬೆಳಿಗ್ಗೆ ಒಂದು ಸಫಾರಿ ಅಂತ ಮೊದಲೇ ಗೊತ್ತಿರುತ್ತದೆ. ದಾರಿಯಲ್ಲಿ ಜಿಂಕೆ ಕಂಡರೆ ಅದನ್ನು ಸಫಾರಿ ಅಂತ ಯಾರೂ ಬಿಲ್‌ಗೆ ಹಾಕುವುದಿಲ್ಲ.

ಎರಡನೇ ದಿನ ಒಳಗೆ ಹೋದೆವು. ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಪೊದೆಯ ನೆರಳಿನಲ್ಲಿ ಸಿಂಹಿಣಿಗಳು, ಮರಿಗಳು. ಆನೆ ಹಿಂಡು. ಗೆದ್ದಲು ಹುತ್ತದ ಮೇಲೆ ನಿಂತು ಕಾವಲು ಕಾಯುವ, ಟೋಪಿ ಅನ್ನುವ ಹೆಸರಿನ ಜಿಂಕೆ. ಒಂದು ಕತ್ತೆಕಿರುಬ ಕೆಸರಿನ ಗುಂಡಿಯಲ್ಲಿ ಹೊಟ್ಟೆ ತನಕ ಮುಳುಗಿ ಮಲಗಿತ್ತು. ನಮ್ಮ ವ್ಯಾನ್ ಪಕ್ಕಕ್ಕೇ ಹೋದರೂ ಒಂದು ಕಣ್ಣು ಬಿಟ್ಟು ನೋಡಿ ಮುಚ್ಚಿಕೊಂಡಿತು. ಅದರ ಮೀಸೆಯ ತುದಿಯಲ್ಲಿ ಕೆಸರು ಒಣಗಿ ಕೂತದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಮಗಳಿಗೆ ಸಿಂಹಕ್ಕಿಂತ ಅದೇ ಇಷ್ಟ ಆಯಿತು.

ಮಧ್ಯಾಹ್ನ ಮಳೆ. ಅಲ್ಲಿನ ನೆಲ ನಮ್ಮ ಗದಗ, ಧಾರವಾಡದ ಎರೆಮಣ್ಣಿನಂಥದ್ದೇ, ಮಳೆ ಬಿದ್ದರೆ ಗಾಲಿ ಮೇಲಕ್ಕೆ ಬರುವುದಿಲ್ಲ. ವ್ಯಾನ್ ಹೂತಿತು. ಸಿಂಹ ಇರುವ ಜಾಗ, ಇಳಿದು ತಳ್ಳುವ ಹಾಗಿಲ್ಲ. ಸುಮ್ನೆ ಕೂತೆವು. ಕೊನೆಗೆ ಬೇರೆಯವರ ಲ್ಯಾಂಡ್ ಕ್ರೂಸರ್ ಬಂದು ಹಗ್ಗ ಕಟ್ಟಿ ಎಳೆಯಿತು. ಹೌದು, ಲ್ಯಾಂಡ್ ಕ್ರೂಸರ್. ನಾನು ದುಡ್ಡು ಕೊಟ್ಟದ್ದು ಅದಕ್ಕೇ.

ಆಮೇಲೆ ನದಿಯ ಕಥೆ. ಮಾರಾ ನದಿ ಇರುವುದು ಪಶ್ಚಿಮದ ಕಡೆ, ಸೆಕೆನಾನಿಯಿಂದ ದೂರ. ಡ್ರೈವರ್ ಒಂದು ಸಣ್ಣ ನದಿಯ ದಂಡೆಯಲ್ಲಿ ನಿಲ್ಲಿಸಿದ. ನೀರು ಸ್ವಲ್ಪ ಇತ್ತು, ಎರಡು ನೀರಾನೆ ಇದ್ದವು. ನಮ್ಮ ಫೋಟೋ ತೆಗೆದ. ಇದು ಮಾರಾ ನದಿಯಾ ಅಂದೆ. "ಇಲ್ಲ ಸರ್, ತಾಲೆಕ್" ಅಂದ. ಪಾಪ, ಅವನು ಸುಳ್ಳು ಹೇಳಲಿಲ್ಲ. ಮಾರಾಕ್ಕೆ ಹೋಗೋಣ ಅಂದರೆ, ಅಲ್ಲಿಗೆ ಹೋಗುವಷ್ಟು ಡೀಸೆಲ್ ಆಫೀಸ್‌ನವರು ಹಾಕಿಸಿಲ್ಲ ಅಂದ. ಏಜೆಂಟ್‌ಗೆ ಬರೆದೆ. ಉತ್ತರ ಏನು ಗೊತ್ತಾ? ಡ್ರೈವರ್ ತೆಗೆದ ಅದೇ ಫೋಟೋವನ್ನು ನನಗೇ ವಾಪಸ್ ಕಳಿಸಿದ! ಕೆಳಗೆ, "ಡಿಯರ್ ಗೆಸ್ಟ್, ನೀವು ನದಿಯ ಮುಂದೆ ನಗುತ್ತಿದ್ದೀರಿ."

ನಗುತ್ತಿದ್ದೆನಂತೆ. ತಾಲೆಕ್ ಮುಂದೆ!

ಇದು ಮಾರಾ ನದಿ ಅಲ್ಲ ಅಂತ ಬರೆದರೆ, "ತಾಲೆಕ್ ಮಾರಾ ನದಿಗೇ ಸೇರುತ್ತದೆ" ಅಂದ. ಅದೂ ನಿಜವೇ. ಕ್ರಾಸಿಂಗ್ ಕಾಣಿಸಲೇಬೇಕು ಅಂತ ನಾನೇನೂ ಹಟ ಮಾಡಿರಲಿಲ್ಲ. ವೈಲ್ಡ್‌ಬೀಸ್ಟ್ ದಂಡೆಗೆ ಬಂದು ಗಂಟೆಗಟ್ಟಲೆ ನಿಂತು ವಾಪಸ್ ಹೋಗುತ್ತವೆ, ಅದು ಅವುಗಳ ಇಷ್ಟ, ಎಲ್ಲರಿಗೂ ಗೊತ್ತು. ನದಿ ತನಕ ಕರಕೊಂಡು ಹೋಗು ಅಂದೆ, ಅಷ್ಟೇ.

ಮೂರನೇ ದಿನದ ಬೆಳಗಿಗೆ ಮತ್ತೆ ದುಡ್ಡು ಕಟ್ಟಿದೆವು. ಅಷ್ಟು ದೂರ ಹೋಗಿ, ಮಗಳ ಮುಖ ನೋಡಿಕೊಂಡು ಹೇಗೆ ಬೇಡ ಅನ್ನುವುದು? 450 ಡಾಲರ್ ಟಿಕೆಟ್, ಅದರ ಮೇಲೆ "ಎಕ್ಸ್‌ಟ್ರಾ ಡ್ರೈವ್" ಅಂತ 100. ಏಜೆಂಟ್ ತಕ್ಷಣ ಫೋನ್ ಎತ್ತಿದ, ಅದುವರೆಗೆ ಎತ್ತಿರಲಿಲ್ಲ. ಆ ಹುಡುಗರು ಕಟ್ಟಲಿಲ್ಲ, ಕ್ಯಾಂಪ್‌ನಲ್ಲಿ ಉಳಿದರು. ಆರು ಗಂಟೆಗೆ ಒಳಗೆ ಹೋದೆವು. ಒಂದು ಚೀತಾ ಸಿಕ್ಕಿತು. ಒಂದು ಪ್ರಾಣಿಯ ಸುತ್ತ ಐದು ಗಾಡಿಗಿಂತ ಜಾಸ್ತಿ ನಿಲ್ಲಬಾರದು ಅಂತ ನಿಯಮ, ಅದು ಒಳ್ಳೆಯದೇ, ಹಾಗಾಗಿ ನಮ್ಮ ಸರದಿಗೆ ಕಾಯಬೇಕಿತ್ತು. ಕಾಯುತ್ತಿರುವಾಗಲೇ ಡ್ರೈವರ್‌ಗೆ ಫೋನ್ ಬಂತು. ಹುಡುಗರನ್ನು ಹತ್ತಿಸಿಕೊಂಡು ಬೇಗ ಹೊರಡಬೇಕು, ಸಂಜೆ ನೈರೋಬಿಯಲ್ಲಿ ಬೇರೆ ಗೆಸ್ಟ್ ಇದ್ದಾರೆ. 12 ಗಂಟೆಯ ಟಿಕೆಟ್ ತಗೊಂಡು ಮೂರೇ ಗಂಟೆಯಲ್ಲಿ ಹೊರಗೆ ಬಂದೆವು. 550 ಡಾಲರ್!

ಸಮಾಧಾನಕ್ಕೆ ಅಂತ ಮಸಾಯಿ ಹಳ್ಳಿ ನೋಡುವುದು "ಫ್ರೀ" ಅಂದಿದ್ದ. ಹಳ್ಳಿಯ ಬಾಗಿಲಲ್ಲಿ ತಲೆಗೆ ಇಷ್ಟು ಅಂತ ಕೇಳಿದರು. ಅವರದು ತಪ್ಪಿಲ್ಲ, ಅವರಿಗೆ ಯಾರೂ ಏನೂ ಹೇಳಿರಲೇ ಇಲ್ಲ.

ಈಗ ನೀವು ಬುಕ್ ಮಾಡುವವರು. "ಪಾರ್ಕ್ ಫೀ ಸೇರಿದೆ" ಅಂದರೆ ನಂಬಬೇಡಿ. ಯಾವ ಯಾವ ತಾರೀಕಿಗೆ, ಎಷ್ಟು ಜನಕ್ಕೆ, ಎಷ್ಟು ಟಿಕೆಟ್ ಅಂತ ಬರೆಸಿಕೊಳ್ಳಿ. "ದಾರಿಯಲ್ಲಿ ಗೇಮ್ ಡ್ರೈವ್" ಅನ್ನುವ ಮಾತು ಕಂಡರೆ ಅದು ಗೇಟಿನ ಹೊರಗೆ ಅಂತಲೇ ತಿಳಿದುಕೊಳ್ಳಿ. ಕ್ಯಾಂಪಿನ ಹೆಸರು ಕೇಳಿ, ಮ್ಯಾಪ್‌ನಲ್ಲಿ ಹಾಕಿ ನೋಡಿ. ಗಡಿಯ ಹೊರಗಿದ್ದರೆ ಹೊರಗೇ, "ತುಂಬ ಹತ್ತಿರ" ಅನ್ನುವುದೆಲ್ಲ ಬೇಡ. ಮಾರಾ ನದಿ ಅಂತ ಹೆಸರು ಹಿಡಿದು ಬರೆಸಿ, ಬರೀ "ನದಿ" ಅಂತ ಬಿಡಬೇಡಿ! ಏಜೆಂಟ್‌ಗೆ ಅಲ್ಲಿನ ಟೂರಿಸಂ ರೆಗ್ಯುಲೇಟರಿ ಅಥಾರಿಟಿಯ ಲೈಸೆನ್ಸ್ ಇದೆಯಾ, ಕೇಟೋ ಅನ್ನುವ ಟೂರ್ ಆಪರೇಟರ್‌ಗಳ ಸಂಘದಲ್ಲಿ ಇದ್ದಾನಾ ಅಂತ ನೋಡಿ. ಬಾಕಿ ದುಡ್ಡು ಕ್ಯಾಶ್‌ನಲ್ಲಿ ಬೇಡವೇ ಬೇಡ, ಹೋಟೆಲ್ ಲಾಬಿಯಲ್ಲಿ ನಗುನಗುತ್ತಾ ತಗೊಳ್ಳುತ್ತಾರೆ, ರಸೀದಿ "ಆಫೀಸಿನಿಂದ ಬರುತ್ತದೆ". ಬರಲಿಲ್ಲ.

ಡ್ರೈವರ್ ಮೇಲೆ ರೇಗಬೇಡಿ. ಅವನಿಗೆ ಕೊಟ್ಟ ಪೇಪರ್‌ನಲ್ಲಿ ಇದ್ದದ್ದೇ ಅಷ್ಟು. ನಾನು ಟಿಪ್ಸ್ ಕೊಟ್ಟೇ ಬಂದೆ.

ರಿಫಂಡ್ ಕೇಳಿದ್ದಕ್ಕೆ ಬಂದ ಕೊನೆಯ ಉತ್ತರ: ಮುಂದಿನ ಸಲ ಅಂಬೊಸೆಲಿ ಪಾರ್ಕಿಗೆ ಬಂದರೆ 10 ಪರ್ಸೆಂಟ್ ಕಡಿಮೆ ಮಾಡುತ್ತಾನಂತೆ, ಅದಕ್ಕೆ ಮೊದಲು ಐದು ಸ್ಟಾರ್ ರಿವ್ಯೂ ಹಾಕಬೇಕಂತೆ. ಕಾರ್ಡ್‌ನಲ್ಲಿ ಹೋದ ಅಡ್ವಾನ್ಸ್ ಬಗ್ಗೆ ಬ್ಯಾಂಕ್‌ಗೆ ಬರೆದು, ಆ ವೌಚರ್‌ನ ಫೋಟೋ, ನದಿಯ ಫೋಟೋ ಎರಡನ್ನೂ ಸೇರಿಸಿ ಕಳಿಸಿದ್ದೇನೆ. ಕ್ಯಾಶ್ ಕೊಟ್ಟದ್ದು ಹೋಯಿತು.